ಪ್ಲಾಸ್ಟಿಕ್ ಹುಲ್ಲಿಗೆ ನೀರು ಕಟ್ಟಿದ್ದು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಊರಿದೆ. ಹೆಸರು ಬೇಡ. ಹೆಸರು ಬರೆದರೆ ನಾಳೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಅಲ್ಲಿನ ಪ್ರೌಢಶಾಲೆಯಲ್ಲಿ ನಾನು ಪಿ.ಟಿ. ಟೀಚರು. ಮನೆ ಮಂಡ್ಯದ ಗುತ್ತಲಿನಲ್ಲಿ. ಬೆಳಕು ಹರಿಯುವ ಮುಂಚೆ ಬಸ್ಸು ಹತ್ತುತ್ತೇನೆ, ಮದ್ದೂರಿನಲ್ಲಿ ಇಳಿದು ಇನ್ನೊಂದು ಹಿಡಿಯುತ್ತೇನೆ, ಹುಡುಗಿಯರು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಮೈದಾನದಲ್ಲಿ ನಿಂತು ವಿಷಲ್ಲು ಊದುತ್ತೇನೆ. ಕೆಲಸಕ್ಕೆ ಸೇರಿದಾಗ ಇದ್ದ ಸೊಂಟ ಈಗ ಇಲ್ಲ, ಗಂಟಲು ಮಾತ್ರ ಹಾಗೇ ಇದೆ.

ಶಾಲೆಗೆ ಸ್ವಂತ ಮೈದಾನವಿಲ್ಲ. ಊರ ಮೈದಾನವೇ ನಮಗೂ ಮೈದಾನ. ಅದು ಎಲ್ಲರದೂ ಅಂದರೆ ನಿಜವಾಗಿ ಎಲ್ಲರದೂ. ಸುಗ್ಗಿಯಲ್ಲಿ ಅಲ್ಲಿ ರಾಗಿ ಬಡಿಯುತ್ತಾರೆ, ಹುರುಳಿ ಒಣಗಿಸುತ್ತಾರೆ. ಚುನಾವಣೆ ಬಂದರೆ ಶಾಮಿಯಾನಕ್ಕೆ ಗೂಟ ಹೊಡೆಯುತ್ತಾರೆ, ಗೂಟ ಕಿತ್ತ ಗುಂಡಿ ಮುಚ್ಚುವುದಿಲ್ಲ. ಭಾನುವಾರ ಹುಡುಗರ ಕ್ರಿಕೆಟ್ಟು. ನಾಲೆ ಪಕ್ಕದ ತಗ್ಗು ಮೂಲೆಯಲ್ಲಿ, ಹೊಂಗೆ ಮರದ ಹತ್ತಿರ, ನಮ್ಮ ಹುಡುಗಿಯರ ಖೋ-ಖೋ ಅಂಕಣ. ಎರಡು ಕಂಬ, ಸುಣ್ಣದ ಗೆರೆ, ಅಷ್ಟೆ.

ನೆಲ ಕೆಂಪು ಮಣ್ಣಿನದು. ಮಳೆ ಬಂದರೆ ಜಾರುತ್ತದೆ, ಬಿಸಿಲಿಗೆ ಸಿಮೆಂಟಾಗುತ್ತದೆ. ಖೋ-ಖೋ ನೋಡದವರಿಗೆ ಒಂದು ಮಾತು ಹೇಳಬೇಕು. ಅಟ್ಟಿಸಿಕೊಂಡು ಹೋಗುವವಳಿಗೆ ಮುಂದೆ ಓಡುವವಳು ಕೈಗೆಟುಕದಿದ್ದರೆ, ಉದ್ದಕ್ಕೆ ಹಾರಿ ನೆಲಕ್ಕೆ ಬಿದ್ದಾದರೂ ಮುಟ್ಟಬೇಕು. ಹಾಗೆ ಹಾರಿದವಳು ಇಳಿಯುವುದು ಮಂಡಿಯ ಮೇಲೆ, ಮೊಣಕೈಯ ಮೇಲೆ. ನಮ್ಮ ತಂಡದ ಯಾವ ಹುಡುಗಿಯ ಮಂಡಿ ನೋಡಿದರೂ ಅವಳು ಎಷ್ಟು ಚೆನ್ನಾಗಿ ಆಡುತ್ತಾಳೆ ಎಂದು ಹೇಳಿಬಿಡಬಹುದಿತ್ತು.

ಎಲ್ಲರಿಗಿಂತ ಕೆಟ್ಟ ಮಂಡಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯದು. ಬೆಳಕವಾಡಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಮನೆಯವಳು. ಕಡ್ಡಿಯಂಥ ಮೈ, ಉದ್ದ ಕೈ. ಹಾರುವುದನ್ನು ಅವಳಿಗೆ ನಾನು ಕಲಿಸಲಿಲ್ಲ. ಹಾರಬೇಡ ಎಂದು ತಡೆಯುವುದೇ ನನ್ನ ಕೆಲಸವಾಗಿತ್ತು. ಇಷ್ಟು ವರ್ಷದಲ್ಲಿ ಅಂಥ ಆಟಗಾರ್ತಿ ನನ್ನ ಕೈಗೆ ಸಿಕ್ಕಿರಲಿಲ್ಲ.

ಆಕೆಯ ತಾಯಿ ನಾಟಿ ಹೆಂಗಸರ ಗುಂಪು ಕಟ್ಟಿಕೊಂಡು ಊರೂರಿನ ಗದ್ದೆಗೆ ಹೋಗುವವಳು. ರಜಾ ದಿನ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದಳು. ಒಂದು ನಾಟಿ ಕಾಲದಲ್ಲಿ, ಬೆಳಗ್ಗೆಯೇ, ಮಗಳ ತೋಳು ಹಿಡಿದುಕೊಂಡು ಸೀದಾ ಮೈದಾನಕ್ಕೆ ಬಂದಳು.

"ಇವಳ ಮಂಡಿ ನೋಡಿ ಮೇಡಮ್ಮೋರೆ. ಈ ಗಾಯ ಇಟ್ಕಂಡು ಕೆಸರಿಗೆ ಇಳಿದ್ರೆ ಕೀವಾಯ್ತದೆ. ಓದ್ಸಲ ಆಸ್ಪತ್ರೆಗೆ ಅಲ್ದಿದ್ದೇ ಬಂತು. ಆಡ್ಬ್ಯಾಡ ಅನ್ನಕಿಲ್ಲ ನಾನು. ಇನ್ನೊಂದು ಸಲ ಬಿದ್ಕಂಡು ಬಂದ್ರೆ ಮಾತ್ರ ಬುಡುಸ್ಬುಡ್ತೀನಿ."

"ಬೀಳದೆ ಆಡೋ ಆಟ ಅಲ್ಲ ಕಣಮ್ಮ ಇದು," ಎಂದೆ.

"ಅಂಗಾರೆ ಬೀಳೋ ಜಾಗ ಸರಿ ಮಾಡಿ," ಎಂದು ಹೇಳಿ ಗದ್ದೆಗೆ ಹೋದಳು.

ಆ ಮಾತಿಗೆ ನನಗೆ ಸಿಟ್ಟು ಬಂತು, ಅದು ಸರಿಯಾದ ಮಾತು ಅನ್ನುವುದಕ್ಕೇ ಬಂತು.

ಅದೇ ಮಳೆಗಾಲದಲ್ಲಿ ಮೈದಾನ ಸಮಿತಿಯ ಸಭೆ ನಡೆಯಿತು. ಸಮಿತಿಯ ಅಧ್ಯಕ್ಷರು ಕಬ್ಬು ಬೆಳೆಯುವವರು, ಒಂದು ಕಾಲಕ್ಕೆ ವಾಲಿಬಾಲ್ ಆಡಿದವರು. ಊರಿನ ಬಾಯಲ್ಲಿ ಪ್ರೆಸಿಡೆಂಟ್ರು. ಒಬ್ಬ ದಾನಿ ಸಿಕ್ಕಿದ್ದಾರೆ, ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿಸೋಣ, ಮಂಡ್ಯದಲ್ಲಿ ಬಾಡಿಗೆಗೆ ಬಿಡುವ ಟರ್ಫ್ ಇದೆಯಲ್ಲ, ಅಂಥದ್ದೇ, ಆದರೆ ನಮ್ಮದು ಪುಕ್ಕಟೆ ಎಂದರು.

ನಾನು ಎದ್ದು ನಿಂತು, ಪ್ಲಾಸ್ಟಿಕ್ ಯಾಕೆ, ಹುಲ್ಲನ್ನೇ ಬೆಳೆಸೋಣ, ಗರಿಕೆ ಹಾಕೋಣ ಎಂದೆ. ಸಭೆ ಗೊಳ್ಳೆಂದು ನಕ್ಕಿತು.

"ಗರಿಕೆ ಕೀಳೋದ್ರಲ್ಲೇ ನಮ್ಮಪ್ಪನ ಆಯಸ್ಸು ಓಯ್ತು, ನಂದೂ ಅರ್ಧ ಓಯ್ತು. ಈಗ ಗರಿಕೆ ಬೆಳ್ಸಿ ಅಂತೀರಲ್ಲ ಮೇಡಮ್ಮೋರೆ," ಎಂದರು ಪ್ರೆಸಿಡೆಂಟ್ರು.

ನಾನೂ ನಕ್ಕೆ. ಕಬ್ಬಿನ ಗದ್ದೆಗೆ ಒಂದು ಸಲ ಗರಿಕೆ ನುಗ್ಗಿದರೆ ಏನಾಗುತ್ತದೆ ಎಂದು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ವಿವರಿಸಬೇಕಿಲ್ಲ. ಒಂದು ಗಿಣ್ಣು ಉಳಿದರೆ ಸಾಕು, ಮತ್ತೆ ಗದ್ದೆ ತುಂಬುತ್ತದೆ. ಇನ್ನೊಬ್ಬರು ನೀರಿನ ಮಾತು ತೆಗೆದರು. ನಾಲೆಯಲ್ಲಿ ನೀರು ಬರುವುದೇ ಸರದಿಯ ಮೇಲೆ, ಬೆಳೆಗೇ ಸಾಲದು, ಹುಲ್ಲಿಗೆ ಬಿಟ್ಟರೆ ಬಾಯಿಗೆ ಬಂದಂತೆ ಬೈಸಿಕೊಳ್ಳಬೇಕಾಗುತ್ತದೆ ಎಂದರು. ಅದೂ ನಿಜವೇ. ಕ್ರಿಕೆಟ್ ಹುಡುಗರು, ಪ್ಲಾಸ್ಟಿಕ್ ಆದರೆ ಮಳೆ ನಿಂತ ಮಾರನೇ ದಿನವೇ ಆಡಬಹುದು ಎಂದರು. ಅದೂ ಸುಳ್ಳಲ್ಲ.

ನನ್ನ ಕಡೆಗೆ ಮಾತಾಡಿದವರು ಒಬ್ಬರೇ. ಬೆಳಗಿನ ವಾಕಿಂಗಿಗೆ ಬರುವ ನಿವೃತ್ತ ಬ್ಯಾಂಕ್ ನೌಕರರು. ಬಿಸಿಲಿಗೆ ಅದು ಕಾಯುತ್ತದೆ, ಹಳತಾದ ಮೇಲೆ ಎಲ್ಲಿಗೆ ಎಸೆಯುತ್ತೀರಿ ಎಂದು ಕೇಳಿದರು. ಎಸೆಯುವ ಕಾಲ ಬರಲಿ ಆಮೇಲೆ ನೋಡೋಣ ಎಂದು ಯಾರೋ ಅಂದರು. ರಾಗಿ ಬಡಿಯುವುದು ಎಲ್ಲಿ ಎಂದು ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. "ರಸ್ತೆ ಇಲ್ವಾ" ಎಂದು ಪ್ರೆಸಿಡೆಂಟ್ರು ಅದನ್ನೂ ಬಗೆಹರಿಸಿದರು.

ಸಭೆಗೆ ಬಂದಿದ್ದ ಟರ್ಫ್ ಕಂಪನಿಯವನು ಕಾಲೊರೆಸುವ ಚಾಪೆಯಷ್ಟು ಅಗಲದ ಒಂದು ತುಂಡು ತಂದಿದ್ದ. ಅದು ಕೈಯಿಂದ ಕೈಗೆ ದಾಟಿತು. ಎಲ್ಲರೂ ಸವರಿದರು, ಕೆಲವರು ಮೂಸಿದರು. ಒಂದು ಮೇಕೆ ಬಂದು ಅದಕ್ಕೆ ಬಾಯಿ ಹಾಕಿ, ಮುಖ ಸಿಂಡರಿಸಿಕೊಂಡು ಹೋಯಿತು ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕರು. ನಾನು ಅಲ್ಲೇ ಇದ್ದೆ. ಅಲ್ಲಿ ಮೇಕೆ ಇರಲಿಲ್ಲ.

ನಾನು ಕಂಪನಿಯವನನ್ನು ಕೇಳಿದ್ದು ಒಂದೇ ಪ್ರಶ್ನೆ. ಇದರ ಮೇಲೆ ಹುಡುಗಿ ಉದ್ದಕ್ಕೆ ಬಿದ್ದರೆ ಮಂಡಿ ಏನಾಗುತ್ತದೆ? ಎಳೆಗಳ ಬುಡಕ್ಕೆ ರಬ್ಬರ್ ಕಾಳು ತುಂಬಿಸುತ್ತೇವೆ, ಮೆತ್ತಗಿರುತ್ತದೆ, ಏನೂ ಆಗುವುದಿಲ್ಲ ಎಂದ. ಹುಡುಗಿಯ ತಾಯಿಯ ಮಾತು ಕಿವಿಯಲ್ಲೇ ಇತ್ತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳಾದೆ.

ಸುಗ್ಗಿ ಮುಗಿದ ಮೇಲೆ ಕೆಲಸ ಶುರುವಾಯಿತು. ಮಣ್ಣು ತೆಗೆದರು, ಜಲ್ಲಿ ಹಾಕಿದರು, ಅದರ ಮೇಲೆ ಕಲ್ಲಿನ ಪುಡಿ. ಆಮೇಲೆ ಹಸಿರು ಸುರುಳಿಗಳನ್ನು ಚಾಪೆ ಹಾಸುವಂತೆ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಅಂಟು ಹಾಕಿ, ಮೇಲಿಂದ ಕಪ್ಪು ರಬ್ಬರ್ ಕಾಳು ಚೆಲ್ಲಿದರು. ನಮ್ಮ ಮೂಲೆಯಲ್ಲಿ ಖೋ-ಖೋ ಕಂಬ ಇಳಿಸಲು ಎರಡು ಕಬ್ಬಿಣದ ಕೊಳವೆ ಹೂಳಿದರು. ಮುಗಿದಾಗ ಚೆಂದ ಕಂಡಿತು, ಇಲ್ಲ ಅನ್ನುವುದಿಲ್ಲ. ಸುತ್ತ ಕಟಾವಾದ ಗದ್ದೆಗಳು ಬೋಳಾಗಿದ್ದವು, ಇದೊಂದೇ ಹಸಿರು.

ಉದ್ಘಾಟನೆಯ ದಿನ ಜನ ತಾವಾಗಿಯೇ ಗೇಟಿನ ಹತ್ತಿರ ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಕಣಕ್ಕೆ ಚಪ್ಪಲಿಯಲ್ಲಿ ಇಳಿಯದ ಜನ ಇವರು. ಅಷ್ಟು ಅಚ್ಚುಕಟ್ಟಾದ ನೆಲ ಕಂಡ ಮೇಲೆ ಕಾಲು ತಾನೇ ಬರಿದಾಯಿತು. ಭಾಷಣಗಳು ಉದ್ದವಾದವು. ಹೊತ್ತು ಏರಿ, ಪ್ಲಾಸ್ಟಿಕ್ ಕಾದು, ಗಣ್ಯರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ನಿಂತಿದ್ದರು. ವಂದನಾರ್ಪಣೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದರು.

ಆದರೆ ಬೆಳಗಿನ ಹೊತ್ತು ಅದು ಒಳ್ಳೆಯ ನೆಲವಾಗಿತ್ತು, ಇದನ್ನು ಬರೆಯಲೇಬೇಕು. ಇಬ್ಬನಿ ಆರುವ ಮುಂಚೆ ಹುಡುಗಿಯರು ಅದರ ಮೇಲೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ಅಲ್ಲೊಂದು ಇಲ್ಲೊಂದು ಉಜ್ಜಿದ ಕೆಂಪು ಬಿಟ್ಟರೆ ಏನೂ ಆಗಲಿಲ್ಲ. ಆ ಹುಡುಗಿಯ ಮಂಡಿಯ ಹಳೇ ಹಕ್ಕಳೆ ಉದುರಿ, ಒಳಗಿನಿಂದ ಎಳೇ ಚರ್ಮ ಬಂತು. ಒಂದು ದಿನ ಅವಳ ತಾಯಿ ಬೇಲಿಯ ಹತ್ತಿರ ಮಗಳನ್ನು ಕರೆದು, ಲಂಗ ಮಂಡಿಯವರೆಗೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಏನೂ ಅನ್ನದೆ ಹೋದಳು. ಆಕೆ ಏನೂ ಅನ್ನದೆ ಹೋದಳೆಂದರೆ ಅದು ಹೊಗಳಿಕೆ. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಯೂ ಉರಿಯಿತು, ನನ್ನ ಗರಿಕೆಯ ವಾದ ಇಷ್ಟು ಸುಲಭವಾಗಿ ಸೋತಿತಲ್ಲ ಎಂದು.

ಕಷ್ಟ ಶುರುವಾದದ್ದು ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ. ಮಧ್ಯಾಹ್ನದ ಆಟದ ಪಿರಿಯಡ್ಡಿಗೆ ಮಕ್ಕಳಿಗೆ ಕಾಲಿಡಲಾಗಲಿಲ್ಲ. ಶೂ ಇದ್ದವರ ಶೂ ಒಳಗೂ ಬಿಸಿ, ನಮ್ಮ ಮಕ್ಕಳಲ್ಲಿ ಆಟಕ್ಕೆಂದು ಶೂ ಇದ್ದವರೇ ಕಡಿಮೆ. ಪ್ರೆಸಿಡೆಂಟ್ರು ನನ್ನ ಎದುರೇ ಕಂಪನಿಗೆ ಫೋನು ಮಾಡಿದರು. ನೀರು ಚಿಮುಕಿಸಿ, ತಣ್ಣಗಾಗುತ್ತದೆ ಎಂದು ಆ ಕಡೆಯವನು ಹೇಳಿದ. ಪ್ರೆಸಿಡೆಂಟ್ರು ಫೋನು ಜೇಬಿಗಿಟ್ಟರು.

"ಚಿಮುಕ್ಸದೇನು, ಮದ್ವೆ ಮನೆ ಪನ್ನೀರಾ? ನೀರು ಕಟ್ಟೋದಾದ್ರೆ ಸರಿಯಾಗಿ ಕಟ್ಬೇಕು. ನಮ್ಗೆ ನೀರು ಕಟ್ಟೋದ ಅವ್ನು ಯೋಳ್ಕೊಡ್ತಾನಂತೆ."

ಈ ಕಡೆಯವರಿಗೆ ನೀರು ಹಾಕುವುದು ಅಂದರೆ ಒಂದೇ ವಿಧಾನ. ಸುತ್ತ ಬದು ಕಟ್ಟಬೇಕು, ತೂಬು ಎತ್ತಬೇಕು, ನೆಲ ಮುಳುಗುವವರೆಗೆ ಬಿಡಬೇಕು. ಬಕೀಟಿನಲ್ಲಿ ಎರಚುವುದನ್ನು ತುಳಸಿ ಕಟ್ಟೆಗೆ ಮಾಡುತ್ತಾರೆ. ನಾಲೆಯಲ್ಲಿ ನಮ್ಮ ಊರಿನ ಸರದಿ ಬಂದ ದಿನ, ಕಬ್ಬಿಗೆ ನೀರು ತೋರಿಸಿ ಮುಗಿಸಿದ ಮೇಲೆ, ಮೈದಾನದ ಸುತ್ತ ಮರಳು ಮೂಟೆ ಜೋಡಿಸಿ ನೀರು ತಿರುಗಿಸಿದರು. ಹುಲ್ಲಿಗೆ ನೀರು ಬಿಟ್ಟರೆ ಬೈಸಿಕೊಳ್ಳಬೇಕಾಗುತ್ತದೆ ಎಂದಿದ್ದವರೇ ಸನಿಕೆ ಹಿಡಿದು ಮುಂದೆ ನಿಂತಿದ್ದರು. ಇದು ಬೆಲೆಬಾಳುವ ಹುಲ್ಲಲ್ಲವೇ.

ನಾನೂ ಅಲ್ಲೇ ನಿಂತಿದ್ದೆ. ಬೇಡ ಎಂದು ನನಗೂ ಹೊಳೆಯಲಿಲ್ಲ. ನೀರು ಬರುವುದನ್ನು ಕಂಡರೆ ನಮ್ಮವರ ಮುಖ ಅರಳುತ್ತದೆ, ನನ್ನದೂ ಅರಳಿರಬೇಕು. ಕಂದು ನೀರು ಹಸಿರಿನ ಮೇಲೆ ನಿಧಾನಕ್ಕೆ ಹಬ್ಬಿತು. ಆಮೇಲೆ ಕಪ್ಪು ರಬ್ಬರ್ ಕಾಳುಗಳು ಒಗ್ಗರಣೆಯ ಸಾಸಿವೆಯ ಹಾಗೆ ಒಂದೊಂದೇ ತೇಲಿ ಮೇಲೆ ಬಂದವು. ಎಲ್ಲರೂ ಮೊದಲು ಅದನ್ನು ಕಸ ಎಂದುಕೊಂಡರು. ಹೋಗಲಿ ಬುಡು, ಕಸ ಆಚೆ ಹೋಗ್ತದೆ ಎಂದು ಒಬ್ಬರು ಸನಿಕೆಯಿಂದ ದಾರಿಯನ್ನೂ ಮಾಡಿಕೊಟ್ಟರು. ಕಾಳೆಲ್ಲ ಸಾಲು ಹಿಡಿದು ತಗ್ಗಿನ ಮೂಲೆಗೆ, ಅಂದರೆ ನನ್ನ ಮೂಲೆಗೆ ಬಂತು. ಅಲ್ಲಿಂದ ಒಂದಷ್ಟು ಚರಂಡಿಗೆ ಇಳಿಯಿತು. ನೀರು ಅಂಟಿನ ಸಂದಿಯಲ್ಲಿ ನುಗ್ಗಿ ಹಾಸು ಅಡಿಯಿಂದ ಉಬ್ಬಿತು.

ನೀರು ಇಳಿದ ಮೇಲೆ ನೋಡಿದರೆ ಮೇಲುಗಡೆಯ ಮೈದಾನ ಪರವಾಗಿಲ್ಲ, ಸ್ವಲ್ಪ ಮಣ್ಣು ಕೂತಿತ್ತು ಅಷ್ಟೆ. ತಗ್ಗಿನ ಮೂಲೆ ಪೂರ್ತಿ ಹಾಳು. ಕಂಪನಿಯವನು ಬಂದು ಸುತ್ತಾಡಿ ಫೋಟೋ ತೆಗೆದುಕೊಂಡ. ಯಾರು ಹೀಗೆ ನೀರು ಬಿಟ್ಟದ್ದು ಎಂದು ಕೇಳಿದ. ಎಲ್ಲರೂ ಹೊಂಗೆ ಮರ ನೋಡಿದರು. ಅವನು ನಮ್ಮ ಮೂಲೆಯ ಹಾಸನ್ನು ಕತ್ತರಿಸಿ ಸುತ್ತಿಸಿ, ಉಳಿದದ್ದಕ್ಕೆ ಅಂಟು ಹಾಕಿ, ಗೇಟಿಗೆ 'ನೀರು ಹಾಯಿಸಬಾರದು' ಎಂದು ಬೋರ್ಡು ಹಾಕಿಸಿ ಹೋದ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಸುತ್ತಿಟ್ಟ ಹಾಸು ಒಂದು ವಾರ ಶಾಲೆಯ ಗೋಡೆಗೆ ಒರಗಿತ್ತು, ಆಮೇಲೆ ತುಂಡು ತುಂಡಾಗಿ ಊರಿನ ಜಗಲಿಗಳ ಮೇಲೆ ಕಾಣಿಸಿಕೊಂಡಿತು. ಬ್ಯಾಂಕಿನವರು ಕೇಳಿದ ಪ್ರಶ್ನೆಗೆ ಉತ್ತರ ಹಾಗೆ ಸಿಕ್ಕಿತು.

ನಮ್ಮ ಪಾಲಿಗೆ ಉಳಿದದ್ದು ಜಲ್ಲಿ. ಮೊದಲಿನ ಕೆಂಪು ನೆಲವನ್ನಾದರೂ ಬಿಟ್ಟಿದ್ದರೆ ಆಗುತ್ತಿತ್ತು. ಅಭ್ಯಾಸವನ್ನು ಮೇಲುಗಡೆಗೆ ಬದಲಾಯಿಸಿದೆ. ಕಂಬವಿಲ್ಲದೆ, ಕ್ರಿಕೆಟ್ ಹುಡುಗರು ಬಿಟ್ಟಷ್ಟು ಜಾಗದಲ್ಲಿ, ಜಲ್ಲಿಯ ಅಂಚಿಗೇ ಆಡಿಸಿದೆವು. ಆ ಹುಡುಗಿಗೆ ಅಂಚು ಯಾವ ಲೆಕ್ಕ. ಮುಂದಿನವಳನ್ನು ಅಟ್ಟಿಸಿಕೊಂಡು ಹೋಗಿ, ಹಾರಿ, ಮುಟ್ಟಿ, ಜಲ್ಲಿಯ ಮೇಲೆ ಇಳಿದಳು. ಮಂಡಿಗೆ ಹೊಲಿಗೆ ಹಾಕಿಸಬೇಕಾಯಿತು. ಆಸ್ಪತ್ರೆಯಲ್ಲಿ ಅವಳು ಅಳಲಿಲ್ಲ. "ಔಟ್ ತಾನೆ ಮಿಸ್?" ಎಂದು ಕೇಳಿದಳು. ಔಟ್ ಎಂದೆ.

ಮಾರನೆಯ ದಿನದಿಂದ ಅವಳು ಆಟಕ್ಕೆ ಬರಲಿಲ್ಲ. ತಾಯಿ ಹೇಳಿದಂತೆ ಮಾಡಿದ್ದಳು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ನಾನೂ ಆ ಮನೆಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ತಂಡದಲ್ಲಿ ಇನ್ನೂ ಹುಡುಗಿಯರು ಇದ್ದರು, ಆಡಿಸಿದೆ. ಆದರೆ ಬೆಳಗ್ಗೆ ಬಸ್ಸು ಹತ್ತುವುದು ನನಗೆ ಬೇಸರವಾಗತೊಡಗಿತು.

ಬೇಸರವನ್ನೆಲ್ಲ ಪ್ರೆಸಿಡೆಂಟ್ರ ಮೇಲೆ ತೀರಿಸಿಕೊಂಡೆ. ಅವರ ಮನೆ ಮುಂದೆಯೇ ನಿಂತು ಹೇಳುವುದನ್ನೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಆಯ್ತು ಬುಡಿ, ಮಣ್ಣು ಒಡುಸ್ತೀನಿ," ಎಂದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಟ್ರ್ಯಾಕ್ಟರಿನಲ್ಲಿ ಗೋಡುಮಣ್ಣು ತರಿಸಿ ಮೂಲೆಗೆ ಸುರಿಸಿದರು. ಹುಡುಗಿಯರೂ ನಾನೂ ಸೇರಿ ಅದನ್ನು ಜಲ್ಲಿಯ ಮೇಲೆ ಹರಡಿ, ಸುತ್ತ ಗೇಣೆತ್ತರ ಬದು ಕಟ್ಟಿದೆವು. ಗರಿಕೆಯ ಮಾತು ನಾನು ಯಾರ ಹತ್ತಿರವೂ ಎತ್ತಲಿಲ್ಲ. ಇನ್ನೊಮ್ಮೆ ನಗಿಸಿಕೊಳ್ಳಲು ಇಷ್ಟವಿರಲಿಲ್ಲ. ಕೆರೆಯ ಮಣ್ಣಿನಲ್ಲಿ ಗರಿಕೆಯ ಬೇರು ಇದ್ದೇ ಇರುತ್ತದೆ, ಮಳೆ ಬಿದ್ದರೆ ತಾನೇ ಬರುತ್ತದೆ ಎಂದು ಕಾದೆ.

ಮಳೆ ಬಿತ್ತು. ಗರಿಕೆ ಎಲ್ಲ ಕಡೆಗೂ ಬಂತು. ಗೇಟಿನ ಬುಡದಲ್ಲಿ, ಬೋರ್ಡಿನ ಕಂಬದ ಸುತ್ತ, ನಾಲೆಯ ಮಣ್ಣು ಕೂತಿದ್ದ ಪ್ಲಾಸ್ಟಿಕ್ಕಿನ ಸಂದಿ ಸಂದಿಯಲ್ಲೂ ಬಂತು. ನಕಲಿ ಹಸಿರು ಯಾವುದು ಅಸಲಿ ಯಾವುದು ಎಂದು ಕೆಲವು ಕಡೆ ಬಗ್ಗಿ ನೋಡಬೇಕಿತ್ತು. ನನ್ನ ಮೂಲೆಯಲ್ಲಿ ಮಾತ್ರ ಒಂದು ಎಸಳಿಲ್ಲ. ಬಕೀಟಿನಲ್ಲಿ ನೀರು ಹೊತ್ತು ಹಾಕಿದೆ. ಶಾಲೆಯ ಕೈತೋಟಕ್ಕೆ ತಂದಿದ್ದ ಹಟ್ಟಿಗೊಬ್ಬರ ಎರಚಿದೆ. ಊಹೂಂ. ಮಣ್ಣಿನಲ್ಲೇ ಏನೋ ದೋಷವಿದೆ ಎಂದು ಪ್ರೆಸಿಡೆಂಟ್ರನ್ನು ಮತ್ತೆ ಬೈದೆ. ಪಾಪ, ಅವರು ಅದನ್ನೂ ಕೇಳಿಸಿಕೊಂಡರು.

ಒಂದು ಸಂಜೆ ಶಾಲೆಯ ಕೆಲಸ ತಡವಾಗಿ, ಹೋಗುವ ಬಸ್ಸು ತಪ್ಪಿತು. ಮುಂದಿನದು ಬರುವವರೆಗೆ ಏನು ಮಾಡುವುದು ಎಂದು ಮೈದಾನದ ಕಡೆ ಹೋದೆ. ನಮ್ಮ ಮೂಲೆಯಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತಾ ನೆಲ ಕೆದಕುತ್ತಿದ್ದಳು. ಹತ್ತಿರ ಹೋದೆ. ಆ ಹುಡುಗಿಯ ತಾಯಿ. ಮಡಿಲ ತುಂಬ ಗರಿಕೆ. ಬದುವಿನ ಮೇಲೆ ಆಯ್ದು ಗುಡ್ಡೆ ಹಾಕಿದ ಜಲ್ಲಿ. ಅದನ್ನು ನಮ್ಮ ಹುಡುಗಿಯರು ಆಯ್ದದ್ದು ಎಂದುಕೊಂಡಿದ್ದೆ.

"ಏನ್ ಮಾಡ್ತಾ ಇದ್ದೀಯಮ್ಮ?" ಎಂದೆ.

"ಕಾಣಕಿಲ್ವಾ ಮೇಡಮ್ಮೋರೆ? ಕಳೆ ತೆಗೀತಾ ಇವ್ನಿ."

"ಎಷ್ಟು ದಿನದಿಂದ?"

"ಮಳೆ ಬಿದ್ದಾಗಿಂದ್ಲೂವೆ. ಗದ್ದೆಯಿಂದ ಬರೋ ದಾರಿ ತಾನೆ. ಮೇಲೆದ್ದಿದ್ದ ಜಲ್ಲಿ ಎಲ್ಲಾ ಆಯ್ದಾಯ್ತು. ಈ ಗರಿಕೆನೇ, ಕಿತ್ತಷ್ಟೂ ಬತ್ತದೆ. ಬೀಳೋ ಜಾಗ ಸರಿ ಮಾಡಿ ಅಂತ ನಾನೇ ಅಂದ್ಬುಟ್ಟೆ. ನೀವು ಈ ವಯಸ್ಸಲ್ಲಿ ಮಣ್ಣು ಎಳೆಯೋದ ನೋಡ್ದೆ. ಮಕ್ಕಳ ಕಟ್ಕಂಡು ಎಷ್ಟೂಂತ ಮಾಡ್ತೀರಿ?"

ನಾನು ಅಲ್ಲೇ ಮಣ್ಣಿನ ಮೇಲೆ ಕೂತೆ. ಆಕೆ ನನ್ನ ಮೇಲೆ ಕೋಪ ಮಾಡಿಕೊಂಡು ಕೂತಿದ್ದಾಳೆ ಎಂದು ಇಷ್ಟು ದಿನ ಈ ರಸ್ತೆಯಲ್ಲಿ ತಲೆ ತಗ್ಗಿಸಿ ಓಡಾಡಿದ್ದೆ. ಅಳು ಬಂತು, ನಗುವೂ ಬಂತು, ಎರಡರಲ್ಲಿ ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ.

"ಆ ಗರಿಕೆ ಬರ್ಲಿ ಅಂತಾನೇ ನಾನು ಕಾಯ್ತಾ ಇದ್ದದ್ದು ಕಣಮ್ಮ. ಅದು ಹಬ್ಬಿದ್ರೆ ನೆಲ ಮೆತ್ತಗಾಗುತ್ತೆ. ನಿನ್ನ ಮಗಳ ಮಂಡಿಗೆ ಅದೇ ಔಷಧಿ."

ಆಕೆ ಮಡಿಲನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಮುಂಚೇನೆ ಯೋಳ್ಬಾರ್ದಾ?"

"ಯಾರಿಗೆ ಹೇಳ್ಲಿ? ಹೇಳಿದ್ರೆ ನಗ್ತಾರೆ."

"ನಗಕ್ಕೇನು, ನಗ್ತಾರೆ," ಎಂದು ಎದ್ದು, ಸೀರೆ ಎತ್ತಿ ಕಟ್ಟಿದಳು. "ಗರಿಕೆ ತಾನೆ, ಸಾಯಕಿಲ್ಲ ಬುಡಿ."

ಮಡಿಲಿನ ಗರಿಕೆಯನ್ನು ಬಿಡಿಸಿ, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ನೆಡತೊಡಗಿದಳು. ಭತ್ತದ ನಾಟಿಯ ಹಾಗೆಯೇ, ಸಾಲಿಗೆ ಸಾಲು. ನಾನು ಹಿಂದಿನಿಂದ ಹಿಡಿ ಹಿಡಿ ಕೊಡುತ್ತಾ ಹೋದೆ. ಮುಂದಿನ ಬಸ್ಸೂ ಹೋಯಿತು. ಎರಡನೇ ದಿನ ತನ್ನ ಗುಂಪಿನ ಹೆಂಗಸರನ್ನೂ ಕರೆದುಕೊಂಡು ಬಂದಳು. ಅವರು ಪ್ಲಾಸ್ಟಿಕ್ಕಿನ ಸಂದಿಯಲ್ಲಿದ್ದ ಗರಿಕೆಯನ್ನೆಲ್ಲ ಕಿತ್ತು ತಂದು ಇಲ್ಲಿ ನೆಟ್ಟರು. ಜನ್ಮವಿಡೀ ಕಿತ್ತದ್ದನ್ನೇ ನೆಡುತ್ತಿದ್ದೇವಲ್ಲ ಎಂದು ತಮ್ಮನ್ನು ತಾವೇ ಛೇಡಿಸಿಕೊಂಡು ನಕ್ಕರು. ಕ್ರಿಕೆಟ್ ಹುಡುಗರಿಗೂ ತಮ್ಮ ಹಾಸು ಚೊಕ್ಕಟವಾಯಿತು ಎಂದು ಖುಷಿ.

ಈಗಲೂ ಊರಿನಲ್ಲಿ ಈ ವಾದ ಮುಗಿದಿಲ್ಲ. ಟೀ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನವರು ಒಂದು ಬೆಂಚು, ಗರಿಕೆಯವರು ಒಂದು ಬೆಂಚು. ಸಂಜೆ ಹುಡುಗರು ಲೈಟು ಹಾಕಿಕೊಂಡು ಹಾಸಿನ ಮೇಲೆ ಆಡುತ್ತಾರೆ, ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಮಧ್ಯಾಹ್ನ ಅದರ ಮೇಲೆ ನಾಯಿಯೂ ಮಲಗುವುದಿಲ್ಲ. ಗರಿಕೆಗೆ ನೀರು ಬೇಕು, ಕಾವಲು ಬೇಕು, ಮೇಕೆ ಬರುತ್ತದೆ. ಈ ಸಲ ನಿಜವಾದ ಮೇಕೆ.

ನೆಟ್ಟ ಗರಿಕೆ ಬೇರು ಹಿಡಿದು, ಒಂದಕ್ಕೊಂದು ಕೈ ಚಾಚಿ, ನಡುವಿನ ಮಣ್ಣು ಕಾಣದಂತಾದ ಮೇಲೆ ಒಂದು ಬೆಳಗ್ಗೆ ಕಂಬ ಇಳಿಸಿದೆ. ಹುಡುಗಿಯರು ಬಂದರು. ಬಂದು ಬದುವಿನ ಮೇಲೇ ಸಾಲಾಗಿ ನಿಂತರು, ಯಾರೂ ಒಳಗೆ ಕಾಲಿಡಲಿಲ್ಲ. ನಾನು ವಿಷಲ್ಲು ಊದಿದೆ. ಆದರೂ ನಿಂತೇ ಇದ್ದರು. ನೆಟ್ಟದ್ದನ್ನು ತುಳಿಯಬಾರದು ಎಂದು ನಡೆಯಲು ಕಲಿತಾಗಿನಿಂದ ಕೇಳಿ ಬೆಳೆದ ಮಕ್ಕಳು. ಸಾಲಿನ ಕೊನೆಯಲ್ಲಿ ಆ ಹುಡುಗಿಯೂ ನಿಂತಿದ್ದಳು. ಹತ್ತನೇ ಕ್ಲಾಸಿಗೆ ಬಂದು ಇನ್ನಷ್ಟು ಉದ್ದವಾಗಿದ್ದಳು. ಮಂಡಿಯ ಮೇಲೆ ಹೊಲಿಗೆಯ ಗುರುತು ಬೆಳ್ಳಗಿತ್ತು.

"ತುಳೀಬೌದಾ ಮಿಸ್?" ಎಂದಳು.

ನಾನು ಬಾಯಿ ತೆರೆಯುವ ಮುಂಚೆ ಬೇಲಿಯ ಆಚೆಯಿಂದ ಉತ್ತರ ಬಂತು. ಗದ್ದೆಗೆ ಹೊರಟಿದ್ದ ಅವಳ ತಾಯಿ, ಬುತ್ತಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ತುಳೀಲಿ ಅಂತಾನೇ ನೆಟ್ಟಿರೋದು. ಓಗವ್ವ. ಬಿದ್ರೆ ಬೀಳು."

ಹುಡುಗಿ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಒಳಗೆ ಇಳಿದಳು.